ಓರಗಿತ್ತಿಗಿಂತ ಒಂದು ಕೋಣೆ ಹೆಚ್ಚು

ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದೆ ನಮ್ಮ ಟೂರ್ ಆಫೀಸು. ಜನರನ್ನು ಕರೆದೊಯ್ದು ಯುರೋಪಿನ ಅರಮನೆಗಳನ್ನು ತೋರಿಸುವುದು ನನ್ನ ಕೆಲಸ. ಹೋದವರನ್ನು ಕ್ಷೇಮವಾಗಿ ವಾಪಸು ತರುತ್ತೇನೆ. ಅರಮನೆಗಳ ಕ್ಷೇಮದ ಬಗ್ಗೆ ಮಾತು ಕೊಡಲಾರೆ. ಹೋದ ಸಲದ ತಂಡವನ್ನೇ ನೋಡಿ.

ಅಹವಾಲು

ಗುಬ್ಬಿಯ ಹಾರ್ಡ್‌ವೇರ್ ಅಂಗಡಿ ಯಜಮಾನರ ಹೆಂಡತಿ ವಿಮಾನದಲ್ಲೇ ನನ್ನನ್ನು ಕರೆದರು.

“ನಮ್ ಓರಗಿತ್ತಿ ಹೋದ್ ವರ್ಷ ಬಂದು ರಾಣಿ ಮಲಗೋ ಕೋಣೆ ನೋಡವ್ಳೆ. ಅವತ್ತಿಂದ ಮನೇಲಿ ಅದೇ ಮಾತು. ನಾನು ಅವಳಿಗಿಂತ ಒಂದ್ ಕೋಣೆನಾದ್ರೂ ಜಾಸ್ತಿ ನೋಡ್ಬೇಕು.”

“ಇತಿಹಾಸನೂ ಹೇಳ್ತೀನಿ ಅಮ್ಮ.”

“ಅದನ್ನ ಯಜಮಾನ್ರಿಗೆ ಹೇಳಪ್ಪ. ನಂಗೆ ಕೋಣೆ ತೋರ್ಸು.”

ವಾಸ್ತು

ಪ್ಯಾರಿಸ್ ಪಕ್ಕದ ವರ್ಸೈ ಅರಮನೆ. ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಒಳಗೆ ಹೋಗಬೇಕು. ತಂಡದಲ್ಲಿದ್ದ ಕುಣಿಗಲ್ಲಿನ ವಾಸ್ತು ಪಂಡಿತರು ಅಂಗಳದಲ್ಲೇ ದಿಕ್ಸೂಚಿ ಹಿಡಿದು ನಿಂತರು. ಸುತ್ತ ಎಲ್ಲರೂ ನಿಂತರು.

“ಬಾಗಿಲು ಪೂರ್ವಕ್ಕಿದೆ. ದೋಷ ಇಲ್ಲ.”

“ಮತ್ತೆ ಇಲ್ಲಿದ್ದ ರಾಜನ ತಲೆ ಯಾಕ್ ತೆಗೆದ್ರು?” ಎಂದರು ಹಾರ್ಡ್‌ವೇರ್ ಯಜಮಾನರು.

ಪಂಡಿತರು ಯೋಚಿಸಿದರು. “ಅಡುಗೆಮನೆ ನೋಡ್ದೆ ಹೇಳಕ್ಕಾಗಲ್ಲ.”

ಈ ಚರ್ಚೆ ಮುಗಿಯುವಷ್ಟರಲ್ಲಿ ಟಿಕೆಟ್ಟಿನ ಹೊತ್ತು ಮೀರಿತ್ತು. ಗುಬ್ಬಿಯ ಅಮ್ಮ ಉದ್ಯಾನವನ್ನಷ್ಟೇ ನೋಡಿ, “ಗಿಡ ನಮ್ಮೂರಲ್ಲೂ ಅವೆ” ಎಂದರು.

ಚೀಲ

ಉಳಿದದ್ದು ವಿಯೆನ್ನಾದ ಅರಮನೆಯೊಂದೇ. ನಾನು ಟಿಕೆಟ್ ತೋರಿಸಲು ಮುಂದೆ ಹೋದೆ. ನನ್ನ ಬೆನ್ನ ಹಿಂದೆ, ಮೈಸೂರು ಅರಮನೆ ನೋಡಿದ ಅಭ್ಯಾಸದಲ್ಲಿ, ಗುಬ್ಬಿಯ ಅಮ್ಮ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ಉಳಿದವರೂ ಬಿಟ್ಟರು. ಕಳುವಾದೀತೆಂದು ಯಜಮಾನರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಅದರ ಬಾಯಿಗೆ ಜೇಬಿನಲ್ಲಿದ್ದ ಕಬ್ಬಿಣದ ಬೈಂಡಿಂಗ್ ವೈರ್ ಬಿಗಿದು, ಕಂಬದ ಹಿಂದೆ ಬಚ್ಚಿಟ್ಟರು.

ಅಮ್ಮ ರಾಣಿಯ ಕೋಣೆಯ ಹೊಸ್ತಿಲು ತಲುಪಿದ್ದರು. ಆಗ ಸೈರನ್ ಕೂಗಿತು. ಕಂಬದ ಹಿಂದೆ ವಾರಸುದಾರರಿಲ್ಲದ, ತಂತಿ ಸುತ್ತಿದ ಚೀಲ ಸಿಕ್ಕಿತ್ತು. ಪೊಲೀಸರು ಇಡೀ ಅರಮನೆಯನ್ನು ಹಿಂಬಾಗಿಲಿನಿಂದ ಖಾಲಿ ಮಾಡಿಸಿದರು.

ಮೈಸೂರಿನ ಪದ್ಧತಿಯನ್ನು ವಿಯೆನ್ನಾದ ಪೊಲೀಸರಿಗೆ ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಅಮ್ಮನಿಗೆ ಏನು ಸಮಾಧಾನ ಹೇಳುವುದೆಂದು ಹೆದರುತ್ತಲೇ ಹೊರಗೆ ಬಂದೆ. ಅವರು ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಓರಗಿತ್ತಿಗೆ ಫೋನ್ ಮಾಡುತ್ತಿದ್ದರು.

“ರಾಣಿ ಕೋಣೆ ಬುಡು, ಅದನ್ನ ಎಲ್ರಿಗೂ ತೋರುಸ್ತಾರೆ. ನಾನು ಪಾತ್ರೆ ತೊಳ್ಯೋ ಕೋಣೆ, ಪೊರಕೆ ಇಡೋ ಕೋಣೆ, ಆಳುಗಳು ಊಟ ಮಾಡೋ ಕೋಣೆ, ಎಲ್ಲಾ ನೋಡ್ದೆ ಕಣೆ. ಟಿಕೆಟ್ ತಗೊಂಡೋರಿಗೆ ಅದೆಲ್ಲ ತೋರ್ಸಲ್ಲ. ನಮ್ಗೆ ಪೊಲೀಸ್ನೋರೇ ಜೊತೇಲಿ ಬಂದು ತೋರ್ಸುದ್ರು.”