ಬೇವಿನ ಕಷಾಯವೂ ನನ್ನ ತೊಟ್ಟಿಯೂ

ನಮ್ಮ ಮನೆಯಲ್ಲಿ ನನಗಿಂತ ಸೊಳ್ಳೆಗಳಿಗೇ ಮರ್ಯಾದೆ ಹೆಚ್ಚು. ಅವು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಅಂಗಳದ ಸಿಮೆಂಟು ತೊಟ್ಟಿಯೇ ಅವುಗಳ ಹೆರಿಗೆಮನೆ ಎಂದು ಕೋರಾಪುಟ್ಟಿನ ಡಾಕ್ಟರು ಹೇಳಿದ ದಿನದಿಂದ ನನ್ನ ಹೆಂಡತಿ ಕುಂತಲಾ ಅದನ್ನು ಒಡೆಸಿ ಎಂದು ಹಟ ಹಿಡಿದಿದ್ದಳು. ಪಾಪ, ಮೇಲಿಂದ ಮೇಲೆ ಮಲೇರಿಯಾ ಬಂದು ಸೊರಗಿದ್ದಳು. ಆದರೆ ಬೇಸಿಗೆಯಲ್ಲಿ ಆ ತೊಟ್ಟಿಯೊಳಗೆ ಕತ್ತಿನವರೆಗೆ ಮುಳುಗಿ ಕೂರುವ ಸ್ವರ್ಗಸುಖವನ್ನು ಬಿಡುವುದು ಹೇಗೆ?

"ಬೇವಿನೆಲೆ ಕಷಾಯ ಹಾಕ್ತೀನಿ ಕಣೇ. ಒಂದು ಸೊಳ್ಳೆಮರಿಯೂ ಉಳಿಯಲ್ಲ!"

"ನೋಡೇ ಬಿಡೋಣ. ಸಂಕ್ರಾಂತಿ ಮಧ್ಯಾಹ್ನ ನಮ್ಮಣ್ಣ ಬರ್ತಾನೆ. ಆಗ ಒಂದು ಮರಿ ಬಾಲ ಅಲ್ಲಾಡಿಸಿದ್ರೂ ತೊಟ್ಟಿ ಒಡೆಸ್ತೀನಿ!"

ಪಣಾ ಸಂಕ್ರಾಂತಿ ನಮ್ಮ ಕಡೆ ಬೇಸಿಗೆಯಲ್ಲಿ ಬರುವ ಹೊಸ ವರ್ಷ. ಬಿಲ್ವದ ಹಣ್ಣು, ಬಾಳೆಹಣ್ಣು, ಬೆಲ್ಲ, ತೆಂಗಿನತುರಿ ಕಲಸಿದ ಪಣಾ ಕುಡಿಯದೆ ಆ ದಿನ ಯಾರ ಮನೆಯಿಂದಲೂ ಹೊರಬೀಳುವಂತಿಲ್ಲ. ಅದನ್ನು ಹೊಸ ಮಡಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಇಡುತ್ತಾರೆ. ನನ್ನ ಕಷಾಯವನ್ನೂ ಅಂಥದೇ ಮಡಕೆಯಲ್ಲಿ ಅಲ್ಲೇ ಇಟ್ಟಿದ್ದೆ. (ತಂಪಿನಲ್ಲಿ ಸತ್ವ ಹೆಚ್ಚುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ.)

ಬೆಳಿಗ್ಗೆ ಮಡಕೆ ಹೊತ್ತು ತಂದು, ಚರಟ ಬೀಳದಿರಲೆಂದು ಬಟ್ಟೆ ಬಿಚ್ಚದೆಯೇ ತೊಟ್ಟಿಗೆ ಬಗ್ಗಿಸಿದೆ. ಬಣ್ಣ ನೋಡಬೇಕಿತ್ತು, ನಿಜ. ನಾನು ನೋಡುತ್ತಿದ್ದದ್ದು ಪಕ್ಕದ ಮನೆಯ ಸಾಹು ಬಾಬು ನನ್ನನ್ನು ನೋಡುತ್ತಿದ್ದಾನೋ ಇಲ್ಲವೋ ಎಂದು. ಸುರಿದಾದ ಮೇಲೆ ಬಟ್ಟೆ ಬಿಚ್ಚಿದರೆ, ಒಳಗೆ ಬಾಳೆಹಣ್ಣಿನ ಚೂರು, ತೆಂಗಿನತುರಿ!

ತೊಟ್ಟಿಯಲ್ಲಿ ಮರಿಗಳು ಹಬ್ಬದೂಟಕ್ಕೆ ಕೂತಿದ್ದವು. ಅಡುಗೆಮನೆಗೆ ಓಡಿದೆ. ಇನ್ನೊಂದು ಮಡಕೆ ಆಗಲೇ ತುಳಸಿಕಟ್ಟೆಯ ಹತ್ತಿರ ಹೋಗಿತ್ತು. ಅದರ ಪಕ್ಕದಲ್ಲಿ ಕುಂತಲಾ, ಅವಳ ಪಕ್ಕದಲ್ಲಿ ಹೊತ್ತಿಗೆ ಮುಂಚೆಯೇ ಬಂದಿಳಿದ ಅವಳಣ್ಣ ದಂಡಪಾಣಿ.

"ಯಜಮಾನರು ಮೊದಲು ಕುಡೀಲಿ," ಎಂದು ಅವಳು ಲೋಟ ಚಾಚಿದಳು. ಬೇವಿನ ಘಾಟು ಮೂಗಿಗೆ ಬಡಿಯಿತು. ಇದು ಕಷಾಯ ಎಂದರೆ ತೊಟ್ಟಿಯಲ್ಲಿರುವುದೇನು ಎಂದು ಕೇಳುತ್ತಾರೆ. ದೇವರ ಮೇಲೆ ಭಾರ ಹಾಕಿ ಗಟಗಟ ಕುಡಿದೆ. ಅಂಗಾಲಿನವರೆಗೂ ಕಹಿ ಇಳಿಯಿತು.

"ಹೇಗಿದೆ ಭಾವ?"

"ಅ... ಅಮೃತ!"

"ಹಾಗಾದ್ರೆ ಇನ್ನೊಂದು ಲೋಟ," ಎಂದಳು ಕುಂತಲಾ. ಅದನ್ನೂ ಕುಡಿದೆ. ಕಣ್ಣಲ್ಲಿ ನೀರು ಬಂತು. ಅವಳು ಮತ್ತೆ ಬಗ್ಗಿಸಿದಳು.

"ಸಾಕು ಕಣೇ..."

"ಯಾಕ್ರೀ? ಅಣ್ಣನಿಗೆ ಬೇರೆ ಪಣಾ ಕಲಸಿಟ್ಟಿದ್ದೀನಿ. ಇದೆಲ್ಲಾ ನಿಮಗೇ."

ನಾನು ಬೆಚ್ಚಿಬಿದ್ದೆ. "ನಿನಗೆ... ಗೊತ್ತಿತ್ತಾ?"

"ನಾನು ಈ ಮಡಕೆಯ ಬಟ್ಟೆ ಬಿಚ್ಚಿದಾಗಲೇ ಬೇವಿನ ವಾಸನೆ ಬಂತು. ತೊಟ್ಟಿ ಉಳಿಸೋಕೆ ಎಷ್ಟು ಕುಡೀತೀರಿ ನೋಡೋಣ ಅಂತ ಸುಮ್ಮನಿದ್ದೆ." ಅವಳು ಲೋಟವನ್ನು ನನ್ನ ಕೈಗಿಟ್ಟಳು. "ನಾನು ಗಡಗಡ ನಡುಗ್ತಾ ಮಲಗಿದ್ದಾಗ ಕಹಿ ಮಾತ್ರೆ ಕೈಗಿಟ್ಟು, 'ಕಣ್ಮುಚ್ಚಿ ನುಂಗು, ಏನಾಗಲ್ಲ' ಅಂತಿದ್ರಲ್ಲ? ಹೂಂ, ಈಗ ನೀವು ಕಣ್ಮುಚ್ಚಿ."

ಕಣ್ಮುಚ್ಚಿ ಕುಡಿದೆ. ಕಣ್ಣು ತೆರೆಯುವಷ್ಟರಲ್ಲಿ ದಂಡಪಾಣಿ ಅಂಗಳದಲ್ಲಿ ತೊಟ್ಟಿ ಒಡೆಯತೊಡಗಿದ್ದ.