ವಿಮಾನಕ್ಕೆ ಸುರ್ಮಾ

ತುಮಕೂರಿನ ಮಂಡಿಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟವನು ನಾನು, ಮಹಮ್ಮದ್ ಇಸ್ಮಾಯಿಲ್. ಯಾವ ಬಣ್ಣ ತೋರಿಸಿದರೂ ಹಾಗೇ ಕಲಸಿ ಕೊಡುತ್ತೇನೆ ಎಂಬುದು ನನ್ನ ಘೋಷಣೆ. ಗಿರಾಕಿ ಮುಖ ಹುಳಿ ಮಾಡಿದರೆ, "ಒಣಗಿದ ಮೇಲೆ ಸರಿಹೋಗುತ್ತೆ" ಎನ್ನುವುದು ನನ್ನ ವ್ಯಾಪಾರ.

೧೯೯೯ರಲ್ಲಿ ಒಂದು ದಿನ ಮೆಕ್ಕಾ ಯಾತ್ರಿಕರನ್ನು ಜೆಡ್ಡಾ ವಿಮಾನ ಹತ್ತಿಸುವ ಟ್ರಾವೆಲ್ ಏಜೆಂಟ್ ಶಾಬಾಜ್ ಮೊಳದುದ್ದದ ಪ್ಲಾಸ್ಟಿಕ್ ವಿಮಾನವೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಅವನ ಆಫೀಸಿನ ಗಾಜಿನ ಕಿಟಕಿಯಲ್ಲಿ ಬಿಸಿಲುಂಡು ಅದರ ಬಿಳಿ ಹಳದಿಯಾಗಿತ್ತು, ಬಾಲದ ನೀಲಿ ಬೂದುಬಣ್ಣವಾಗಿತ್ತು.

"ಇಸ್ಮಾಯಿಲ್ ಭಾಯ್, ಇದನ್ನ ಅಸಲಿ ಥರ ಮಾಡ್ಕೊಡಿ. ನೋಡಿದವ್ರಿಗೆ ಹತ್ತಬೇಕು ಅನ್ನಿಸ್ಬೇಕು."

ಶಾಬಾಜ್ ಆಗ ಮೂರಂತಸ್ತಿನ ಬಿಲ್ಡಿಂಗ್ ಕಟ್ಟಿಸುತ್ತಿದ್ದ. ಅದಕ್ಕೆ ಬಣ್ಣ ಯಾರ ಅಂಗಡಿಯಿಂದ ಎಂಬುದು ತೀರ್ಮಾನವಾಗಿರಲಿಲ್ಲ. ವಿಮಾನ ಚೆನ್ನಾಗಿ ಬಂದರೆ ಬಿಲ್ಡಿಂಗ್ ನನ್ನದೇ ಎಂದುಕೊಂಡು, "ಪುಕ್ಕಟೆ ಮಾಡ್ಕೊಡ್ತೀನಿ" ಎಂದೆ. ನಾನು ಪುಕ್ಕಟೆ ಎಂದರೆ ಇಡೀ ಮಂಡಿಪೇಟೆ ಹುಷಾರಾಗುತ್ತದೆ. ಶಾಬಾಜ್ ಮಾತ್ರ ಆಗಲಿಲ್ಲ.

ವಿಮಾನ ಮನೆಗೆ ಬಂತು. ಟ್ಯೂಬ್‌ಲೈಟಿನ ಕೆಳಗೆ ಕಲಸಿದ ನೀಲಿ ಬಿಸಿಲಿಗೆ ತಂದರೆ ಬದನೆಕಾಯಿ! ಹಸಿಯಲ್ಲಿ ಸರಿಯಿದ್ದದ್ದು ಒಣಗಿದ ಮೇಲೆ ಕಪ್ಪು. ಗಿರಾಕಿಗಳಿಗೆ ಹೇಳುವ ಸಮಾಧಾನವನ್ನು ನನಗೇ ಹೇಳಿಕೊಂಡೆ, ನಂಬಿಕೆ ಬರಲಿಲ್ಲ. ಅಂತೂ ನೀಲಿ ಕೂತಿತು. ವಿಮಾನ ಥಳಥಳಿಸಿತು, ಆದರೆ ಆಟದ ಸಾಮಾನಿನ ಹಾಗೆ.

ಕ್ಯಾಲೆಂಡರಿನಲ್ಲಿದ್ದ ನಿಜವಾದ ವಿಮಾನದ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಎಂಜಿನ್ ಹಿಂದೆ ಹೊಗೆಯ ಗೆರೆ, ಹೊಟ್ಟೆಯಡಿ ಎಣ್ಣೆ ಜಿಡ್ಡು, ರೆಕ್ಕೆಯಂಚಿನಲ್ಲಿ ಸವೆದ ಬಣ್ಣ. ಅಸಲಿತನವೆಲ್ಲ ಕೊಳೆಯಲ್ಲಿದೆ ಎಂದು ನನಗೆ ಜ್ಞಾನೋದಯವಾಯಿತು. ತವಾದ ತಳದ ಮಸಿ ಕೆರೆದೆ, ತೀರಾ ಒರಟು. ಆಗ ಕಂಡದ್ದು ಹೆಂಡತಿ ಮೆಹನಾಜ್ ಕಣ್ಣಿಗೆ ಹಚ್ಚುವ ಸುರ್ಮಾ. ಆ ನುಣುಪು ಪುಡಿಯಲ್ಲಿ ಹತ್ತಿ ಅದ್ದಿ ಎಂಜಿನ್ ಹಿಂದೆ ಸವರಿದೆ. ಜೆಡ್ಡಾಕ್ಕೆ ಹೋಗಿ ಬಂದ ಹೊಗೆಯೇ ಅದು! ಎಣ್ಣೆ ಬೆರೆಸಿ ಹೊಟ್ಟೆಯಡಿಗೂ ಜಿಡ್ಡು ಬಳಿದೆ.

ಮೆಹನಾಜ್ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಮನೆಮಾತು ಉರ್ದು. ಅವಳ ಮಾತನ್ನು ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.

"ಅಡುಗೆಮನೆ ಗೋಡೆ ಮಸಿ ಹಿಡಿದಿದೆ, ಬಣ್ಣ ಹೊಡೀರಿ ಅಂದ್ರೆ ಪುರ್ಸೊತ್ತಿಲ್ಲ. ಇಲ್ಲಿ ಬಣ್ಣ ಹೊಡೆದಿರೋದಕ್ಕೆ ಮಸಿ ಬಳೀತಿದೀರಾ?"

"ಇದು ಹುನರ್ ಕಣೇ, ಕೈಚಳಕ. ನಿಂಗೆ ಗೊತ್ತಾಗಲ್ಲ."

"ಗೊತ್ತಾಗುತ್ತೆ. ನನ್ನ ಸುರ್ಮಾ ಖಾಲಿ ಮಾಡೋ ಹುನರ್."

ವಿಮಾನ ಕಿಟಕಿಗೆ ಮರಳಿತು. ಶಾಬಾಜ್ ಮೆಚ್ಚಿ ನನ್ನ ಬೆನ್ನು ತಟ್ಟಿ, ಬಿಲ್ಡಿಂಗಿನ ಕಲರ್ ಕಾರ್ಡ್ ಕಳಿಸಲು ಹೇಳಿದ. ಅದೇ ವಾರ ಕುಣಿಗಲ್‌ನಿಂದ ಉಮ್ರಾ ಯಾತ್ರೆಗೆ ಹೊರಟಿದ್ದ ದೊಡ್ಡ ತಂಡ ಪಾಸ್‌ಪೋರ್ಟ್ ಕೊಡಲು ಅವನ ಆಫೀಸಿಗೆ ಬಂತು. ತಂಡದ ಮುಂದಾಳು ಬೇರೆ ಯಾರೂ ಅಲ್ಲ, ನನ್ನ ಅತ್ತೆ ಖುರ್ಷಿದಾ ಬೇಗಂ. ಅವರು ಕಿಟಕಿಯ ಮುಂದೆ ನಿಂತುಬಿಟ್ಟರು.

"ಇದೇನಾ ನಮ್ಮ ವಿಮಾನ?"

"ಇದೇ ಖಾಲಾ. ಅಸಲಿ ಹೇಗಿದೆಯೋ ಹಾಗೇ," ಎಂದ ಶಾಬಾಜ್ ಹೆಮ್ಮೆಯಿಂದ.

"ಹಿಂದೆ ಹೊಗೆ ಕಾರಿದೆ. ಕೆಳಗೆ ಎಣ್ಣೆ ಸೋರಿದೆ. ಇದಕ್ಕಿಂತ ನಮ್ಮ ಕುಣಿಗಲ್ ಬಸ್ಸೇ ವಾಸಿ ಕಣಪ್ಪ. ಕೆಟ್ರೆ ಇಳಿದು ತಳ್ಳಬಹುದು."

ಪಾಸ್‌ಪೋರ್ಟುಗಳು ಮತ್ತೆ ಬ್ಯಾಗಿಗೆ ಹೋದವು. ತಂಡ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಾ ಕೂತಿತು. ಶಾಬಾಜ್ ವಿಮಾನ ಹಿಡಿದು ನನ್ನ ಅಂಗಡಿಗೆ ಓಡಿಬಂದ.

"ಅಸಲಿ ಅಂದ್ರೆ ಇಷ್ಟೊಂದಾ ಭಾಯ್? ಅವ್ರು ಬಸ್ ಹತ್ತೋದ್ರೊಳಗೆ ಏನಾದ್ರೂ ಮಾಡಿ."

ಮಸಿ ಒರೆಸಿ ಬೇಗ ಒಣಗುವ ಬಿಳಿ ಹೊಡೆದೆ. ಫ್ಯಾನಿನ ಕೆಳಗೆ ಒಣಗಿಸಿ ಕಿಟಕಿಯಲ್ಲಿಟ್ಟು, ಅತ್ತೆಯನ್ನೂ ತಂಡವನ್ನೂ ಕರೆತಂದೆ. "ನೋಡಿ ಅಮ್ಮಾ, ಹಳೇದನ್ನ ವಾಪಸ್ ಕಳಿಸಿ ಕಂಪನಿಯವ್ರು ಹೊಚ್ಚ ಹೊಸ ವಿಮಾನ ಹಾಕಿದಾರೆ," ಎಂದು ಲಜ್ಜೆಯಿಲ್ಲದೆ ಹೇಳಿದೆ.

ಅತ್ತೆ ಬಗ್ಗಿ ನೋಡಿದರು. ಮೂಸಿಯೂ ನೋಡಿದರು. ಬಳಿಕ ತಂಡದ ಕಡೆ ತಿರುಗಿದರು.

"ವಿಮಾನ ಅದೇ. ಮೇಲೆ ಬಣ್ಣ ಹೊಡೆದವ್ರೆ, ಅಷ್ಟೆ. ಹಳೇ ಗೋಡೆ ಬಿರುಕು ಮುಚ್ಚಿ ಬಾಡಿಗೆಗೆ ಬಿಡೋರೆಲ್ಲ ಬಣ್ಣ ತರೋದು ನಮ್ಮ ಅಳಿಯಂದಿರ ಅಂಗಡಿಯಿಂದ ಅಲ್ವಾ?"

ತಂಡ ಬೇರೆ ಏಜೆಂಟ್ ಹಿಡಿಯಿತು. ಶಾಬಾಜನ ಬಿಲ್ಡಿಂಗಿಗೆ ಎದುರು ಬೀದಿಯ ಅಂಗಡಿಯಿಂದ ಬಣ್ಣದ ಡಬ್ಬಗಳು ಇಳಿಯುವುದನ್ನು ನೋಡಿ ತಡೆಯಲಾರದೆ ಕೇಳಿದೆ: "ಏನಯ್ಯಾ, ನನ್ನ ಬಣ್ಣ ಏನ್ ಕೆಟ್ಟಿತ್ತು?"

"ಬಣ್ಣ ಚೆನ್ನಾಗೇ ಇದೆ ಭಾಯ್," ಎಂದ ಶಾಬಾಜ್. "ನಿಮ್ಮ ಅಂಗಡೀದು ಅಂತ ಗೊತ್ತಾದ್ರೆ, ನನ್ನ ಹೊಸಾ ಬಿಲ್ಡಿಂಗನ್ನೇ ಹಳೇದು ಅಂತಾರೆ."