ಮೂರು ಸುಳ್ಳು ಕೆಮ್ಮು

ಆ ದಿನ ಬೆಳಗ್ಗೆ ಜಂಬುನಾಥಪ್ಪ ಕೆಮ್ಮಿದ್ದು ಮೂರೇ ಸಲ. ಮೂರೂ ಸುಳ್ಳು ಕೆಮ್ಮು. ಗಂಟಲಲ್ಲಿ ಕಫವಿರಲಿಲ್ಲ, ಮೈಯಲ್ಲಿ ಜ್ವರವಿರಲಿಲ್ಲ. ಇದ್ದದ್ದು ಗೇಟಿನಾಚೆ ಅಕ್ಕಿ ಚೀಲ ಹೊತ್ತು ನಿಂತ ಕಿರಾಣಿ ಅಂಗಡಿ ಹಾಲಸ್ವಾಮಿ.

"ಮಸ್ಕತ್ತಿಗೆ ಹೊಂಟೀರಂತ. ನಮ್ಮ ಬೀಗರ ಹುಡುಗ ದುಬೈನಾಗ ಅದಾನ. ಕಂಪ್ಲಿ ಅಕ್ಕಿ ಅಂದ್ರ ಜೀವ ಬಿಡ್ತಾನ. ದಾರ್ಯಾಗ ಕೊಟ್ಟು ಹೋಗ್ರಿ."

"ದುಬೈ ಬ್ಯಾರೆ, ಮಸ್ಕತ್ ಬ್ಯಾರೆ, ಸ್ವಾಮಿ."

"ಹೊಸಪೇಟೆ ಬ್ಯಾರೆ, ಟಿ.ಬಿ. ಡ್ಯಾಂ ಬ್ಯಾರೆ. ನಡುವ ಆಟೋ ಓಡಂಗಿಲ್ಲೇನು?" ಎನ್ನುತ್ತಾ ಹಾಲಸ್ವಾಮಿ ಗೇಟಿನ ಚಿಲಕಕ್ಕೆ ಕೈ ಹಾಕಿದ. ಮೂಗಿನ ಮೇಲಿರಬೇಕಾದ ಮಾಸ್ಕು ಗಡ್ಡದ ಕೆಳಗೆ ಎಳೆಗರುವಿನ ಕೊರಳ ಗಂಟೆಯಂತೆ ತೂಗುತ್ತಿತ್ತು.

ಆಗಲೇ ಜಂಬುನಾಥಪ್ಪ ಕೆಮ್ಮಿದ್ದು. ಮೊದಲನೆಯದಕ್ಕೆ ಹಾಲಸ್ವಾಮಿಯ ಕೈ ಚಿಲಕ ಬಿಟ್ಟಿತು. ಎರಡನೆಯದಕ್ಕೆ ಮಾಸ್ಕು ಮೂಗಿಗೇರಿತು. ಮೂರನೆಯದಕ್ಕೆ ಅಕ್ಕಿ ಚೀಲ ಅಲ್ಲೇ ಉಳಿಯಿತು, ಹಾಲಸ್ವಾಮಿ ಉಳಿಯಲಿಲ್ಲ.

ಪಾಪ, ಜಂಬುನಾಥಪ್ಪನಿಗೂ ಬೇರೆ ದಾರಿ ಇರಲಿಲ್ಲ. ಮಗಳು ಕಾವ್ಯ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅಳಿಯ ಈಶ್ವರ್ ಸಂಡೂರಿನ ಗುಡ್ಡಗಳನ್ನು ಲಾರಿಗೆ ತುಂಬಿ ತುಂಬಿ ಮುಗಿಸಿ, ಈಗ ಅಲ್ಲಿಯ ಗುಡ್ಡಗಳನ್ನು ತುಂಬಲು ಹೋದವನು. ಕಾವ್ಯಳಿಗೆ ಚೊಚ್ಚಲ ಹೆರಿಗೆ, ದಿನ ತುಂಬಿತ್ತು. ತಿಂಗಳುಗಟ್ಟಲೆ ಮುಚ್ಚಿದ್ದ ಆಕಾಶ ಅಷ್ಟಿಷ್ಟು ತೆರೆದು, ಅಪ್ಪ ಅಮ್ಮ ಇಬ್ಬರಿಗೂ ನಾಳೆಯ ವಿಮಾನದಲ್ಲಿ ಸೀಟು ಸಿಕ್ಕಿತ್ತು. ಇವತ್ತು ದೀಪ ಹಚ್ಚುವ ಹೊತ್ತಿಗೆ ಬೆಂಗಳೂರಿಗೆ ಕಾರು. ನಿನ್ನೆ ಹೊಸಪೇಟೆಯಲ್ಲಿ ಗುಟ್ಟಾಗಿ ಕೊರೊನಾ ಪರೀಕ್ಷೆಗೆ ಇಬ್ಬರೂ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದಿದ್ದರು. ಸಂಜೆಗೆ ರಿಪೋರ್ಟು.

"ಅಪ್ಪಾ, ಇಲ್ಲಿ ಇಳಿದ ಮ್ಯಾಲ ಇನ್ನೊಂದು ಸಲ ಕಡ್ಡಿ ಹಾಕ್ತಾರ," ಎಂದು ಕಾವ್ಯ ಫೋನಿನಲ್ಲಿ ಬಡಕೊಂಡಿದ್ದಳು. "ರೋಗ ಐತಿ ಅಂತ ಬಂದ್ರ ನಿಮ್ಮನ್ನ ಬ್ಯಾರೆ ಇಡ್ತಾರ. ಅಮ್ಮ ಇದ್ದೂ ನನಗ ಇಲ್ಲದಂಗ ಆಕೈತಿ. ಒಬ್ಬರನ್ನೂ ಮನ್ಯಾಗ ಬಿಟ್ಕೋಬ್ಯಾಡ್ರಿ."

ಹೇಳುವುದು ಸುಲಭ. ಪರಸ್ಥಳಕ್ಕೆ ಹೊರಟವರನ್ನು ಬರಿಗೈಯಲ್ಲಿ ಕಳಿಸುವ ಓಣಿಯಲ್ಲ ಅದು. ಬೆಳಗಾಗುವುದರೊಳಗೆ ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಗಂಟು, ಬಾಣಂತಿಗೆ ಅಂಟಿನುಂಡೆ ಗೇಟಿನ ಸರಳುಗಳಿಗೆ ಜೋತುಬಿದ್ದಿದ್ದವು. ಇನ್ನು ಹೆಂಗಸರು ಉಡಿ ತುಂಬಲು ಬರುವುದೊಂದು ಬಾಕಿ. ಜೀವಮಾನವಿಡೀ ಕಾಲುವೆಯ ಮೇಲೆ ಲಸ್ಕರನಾಗಿ ತೂಬಿನ ಗೇಟು ಎತ್ತಿ ಇಳಿಸಿದ್ದ ಜಂಬುನಾಥಪ್ಪನಿಗೆ ಗೇಟು ಎಂದರೆ ಮುಚ್ಚಿದರೆ ಮುಚ್ಚುವಂಥದ್ದು. ಮನೆಯ ಗೇಟು ಮುಚ್ಚಲು ಕೆಮ್ಮು ಬೇಕೆಂದು ಅವನಿಗೆ ಅವತ್ತೇ ತಿಳಿದದ್ದು.

ಕೆಮ್ಮು ಚೆನ್ನಾಗಿ ಕೆಲಸ ಮಾಡಿತು. ಹಾಲಸ್ವಾಮಿ ಅಂಗಡಿ ಮುಟ್ಟುವಷ್ಟರಲ್ಲಿ ಅದು ಜ್ವರವಾಗಿತ್ತು. ಚಹಾದ ಹೊತ್ತಿಗೆ ಜಂಬುನಾಥಪ್ಪನಿಗೆ ಉಸಿರು ಹಿಡಿಯುತ್ತಿತ್ತು. ಹಾಲಿನವನು ಪಾಕೀಟನ್ನು ಕೋಲಿನ ತುದಿಗೆ ಸಿಕ್ಕಿಸಿ, ಹಾವಿಗೆ ಹಾಲೆರೆಯುವವನಂತೆ ಒಳಗೆ ಬಿಟ್ಟು ಹೋದ. ಓಣಿ ಸ್ವಚ್ಛವಾಯಿತು.

"ನೋಡಿದ್ಯಾ ನನ್ನ ತಲಿ?" ಎಂದ ಜಂಬುನಾಥಪ್ಪ ಹೆಂಡತಿಗೆ.

ರೇಣುಕಮ್ಮ ಸೂಟ್‌ಕೇಸಿನಲ್ಲಿ ರೊಟ್ಟಿ ಗಂಟು ತುರುಕುತ್ತಿದ್ದವಳು ತಲೆಯೆತ್ತಲಿಲ್ಲ. "ಬಾಣಂತನಕ್ಕ ಹೊಂಟಾಕಿ ಉಡಿ ಖಾಲಿ ಹೋಗ್ಲೇನು? ಹಂಗ ಹೋದ್ರ ಕೂಸಿಗೆ ಏನು ಹೇಳ್ಲಿ, ನಿಮ್ಮಜ್ಜ ಕೆಮ್ಮಿದ ಅಂತ?"

"ಉಡಿ ಗಿಡಿ ಬಂದಮ್ಯಾಲ ತುಂಬಿಸ್ಕೋ. ಏರ್‌ಪೋರ್ಟಿನಾಗ ಏನೇನು ಕೇಳ್ತಾರ, ನಾನು ಹೇಳಿಕೊಟ್ಟಿದ್ದು ನೆನಪೈತಿ? ಇಲ್ಲ. ನಾನಿಲ್ಲದ ಒಬ್ಬಾಕಿ ಕಂಪ್ಲಿ ಬಸ್ಸಾದ್ರೂ ಹತ್ತೀಯೇನು ನೀನು?"

ರೇಣುಕಮ್ಮ ಕಂಪ್ಲಿಯ ಬಸ್ಸನ್ನು ಒಬ್ಬಳೇ ಹತ್ತದಿದ್ದುದು ನಿಜ. ಹತ್ತಲು ಅವನು ಬಿಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. ಆಕೆ ಅವನಿಗೆ ಊಟಕ್ಕಿಟ್ಟು, ಕರಿಬೇವು ಹರಿದು ತರುತ್ತೇನೆಂದು ಹಿತ್ತಲ ಬಾಗಿಲಿಂದ ಹೊರಬಿದ್ದಳು. ಹಿತ್ತಲ ಗೋಡೆಯಾಚೆ ಪಕ್ಕದ ಮನೆಯ ದ್ಯಾಮಕ್ಕನ ಅಡುಗೆಮನೆ. ಅಲ್ಲಿ ಕೆಮ್ಮನ್ನು ಲೆಕ್ಕಕ್ಕಿಡದ ಅರ್ಧ ಓಣಿಯ ಹೆಂಗಸರು ಕೊಬ್ಬರಿ ಬಟ್ಟಲು ಹಿಡಿದು ಕಾಯುತ್ತಿದ್ದರು.

ಜಂಬುನಾಥಪ್ಪ ಊಟ ಮಾಡಿ ಕಣ್ಣು ಮುಚ್ಚಿದ್ದ. ಧಡಲ್ ಧಡಲ್ ಎಂಬ ಸದ್ದಿಗೆ ಎದ್ದು ಬಾಗಿಲು ತೆರೆದರೆ ಎದುರಿಗೆ ಓಣಿಯಿಲ್ಲ, ತಗಡು. ಗೇಟಿಗೆ ಅಡ್ಡಲಾಗಿ ಬೊಂಬು ಕಟ್ಟಿ ಆಳೆತ್ತರಕ್ಕೆ ತಗಡು ಹೊಡೆಯುತ್ತಿದ್ದರು. ತಗಡಿನ ಮೇಲೆ ವಾರ್ಡಿನ ಕಾರ್ಯಪಡೆಯ ಮುಖಂಡ ಮರಿಸ್ವಾಮಿಯ ತಲೆ, ಗೊಂಬೆಯಾಟದ ಗೊಂಬೆಯಂತೆ ಮೇಲೆ ಬಂತು.

"ಗಾಬರಿ ಆಗಬ್ಯಾಡ್ರಿ ಜಂಬಣ್ಣ. ಹದಿನಾಲ್ಕೇ ದಿನ. ಹಿತ್ತಲಕ್ಕೂ ತಗಡು ಹೊಡಿಸೀವಿ."

"ಲೇ ಮರಿಸ್ವಾಮಿ, ನಾಳೆ ನನ್ನ ವಿಮಾನ ಐತಿ. ಅದು ಸುಳ್ಳು ಕೆಮ್ಮಲೇ."

"ಎಲ್ಲಾರೂ ಹಂಗ ಅಂತಾರ್ರಿ."

ಎಲ್ಲಾರೂ ಹಾಗೆ ಅಂದದ್ದು ಮರಿಸ್ವಾಮಿಗೆ ಹೇಗೆ ಗೊತ್ತೋ. ಓಣಿಯ ತುದಿಯ ಗುಡಿಸಲಲ್ಲಿ ಬಂಡ್ರಿಯ ಪಾಲಪ್ಪ, ಗಣಿಯಲ್ಲಿ ಲಾರಿ ತುಂಬುವವನು, ಹೋದ ತಿಂಗಳು ನಿಜವಾದ ಕೆಮ್ಮು ಕೆಮ್ಮಿ ಎಂಟು ದಿನ ಜ್ವರದಲ್ಲಿ ಬೆಂದಾಗ ಕಾರ್ಯಪಡೆಯ ಜೀಪಿಗೆ ಡೀಸೆಲ್ಲಿರಲಿಲ್ಲ. ಸೋರುವ ಚಾವಣಿಗೆ ನಾಲ್ಕು ತಗಡು ಕೊಡಿಸಿ ಎಂದು ಅವನು ಮೂರು ಮಳೆಗಾಲ ಅಲೆದಿದ್ದ. ತಗಡೆಂಬುದು ಸ್ಟಾಕಿನಲ್ಲೇ ಇರಲಿಲ್ಲ. ಈಗ ಬಂದ ತಗಡಿಗೆ ಗುತ್ತಿಗೆದಾರನೊಬ್ಬನಿದ್ದ, ಆ ಗುತ್ತಿಗೆದಾರನಿಗೆ ಮರಿಸ್ವಾಮಿ ಎಂಬ ಭಾವನಿದ್ದ, ಆ ಭಾವನಿಗೆ ಕೆಮ್ಮು ಬೇಕಿತ್ತು. ಬಡವನ ಕೆಮ್ಮಾದರೆ ಪೇಪರಿನಲ್ಲಿ ಬರುವುದಿಲ್ಲ. ಪಾಸ್‌ಪೋರ್ಟ್ ಇರುವವನ ಕೆಮ್ಮಾದರೆ ಫೋಟೋ ಸಮೇತ ಬರುತ್ತದೆ.

ಅಷ್ಟರಲ್ಲಿ ಜಂಬುನಾಥಪ್ಪನ ಫೋನು ಟಿಣ್ ಎಂದಿತು. ರಿಪೋರ್ಟು. ಗಂಡನಿಗೂ ಇಲ್ಲ, ಹೆಂಡತಿಗೂ ಇಲ್ಲ, ರೋಗ ಇಬ್ಬರನ್ನೂ ಮುಟ್ಟಿರಲಿಲ್ಲ. ಅವನು ಕುರ್ಚಿ ಹತ್ತಿ ಫೋನನ್ನು ತಗಡಿನ ಮೇಲೆ ಎತ್ತಿ ಹಿಡಿದ.

"ನೋಡಲೇ, ಕಣ್ಣಿದ್ರ ನೋಡು."

ಮರಿಸ್ವಾಮಿ ದೂರದಿಂದಲೇ ನೋಡಿದ. "ಮೂಗು ಕೊಟ್ಟಿದ್ದು ನಿನ್ನೆ. ಕೆಮ್ಮಿದ್ದು ಇವತ್ತು. ನಿನ್ನೆ ಕಾಲುವ್ಯಾಗ ನೀರಿದ್ದಿಲ್ಲ ಅಂತ ಇವತ್ತು ಅದರಾಗ ಮನಿ ಕಟ್ಟಾಕ ಬರ್ತದೇನ್ರಿ? ಗೇಟ್ ಎತ್ತಿದ ಮನುಷ್ಯ, ನಿಮಗ ತಿಳೀಬೇಕು."

"ಹಂಗಾದ್ರ ಇವತ್ತೂ ಮೂಗು ತಗೋ."

"ತಗೋಬಹುದು. ಆದ್ರ ತಗಡಿನ ಫೋಟೋ ಮ್ಯಾಲಿನವರಿಗೆ ಹೋಗೈತಿ. ಹದಿನಾಲ್ಕು ದಿನದೊಳಗ ಕಿತ್ರ ಬಿಲ್ ಪಾಸಾಗಂಗಿಲ್ಲ. ಸರ್ಕಾರದ ದುಡ್ಡು, ಪೋಲು ಮಾಡಾಕ ಬರಂಗಿಲ್ಲ. ರೇಣುಕಮ್ಮಾರು ಒಳಗ ಮಲಗ್ಯಾರೇನು?"

ಆಗ ದ್ಯಾಮಕ್ಕನ ಮನೆ ಬಾಗಿಲು ತೆರೆಯಿತು. ಹಸಿರು ಸೀರೆಯ ಉಡಿ ತುಂಬ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿಸಿಕೊಂಡು ರೇಣುಕಮ್ಮ ಹೊರಗೆ ಬಂದಳು. ಹಿಂದೆ ಕುಂಕುಮದ ಕೈಗಳ ಹೆಂಗಸರು. ತಗಡು ನೋಡಿ ಎಲ್ಲರೂ ನಿಂತರು.

ಮರಿಸ್ವಾಮಿ ಗಂಟಲು ಸರಿಮಾಡಿಕೊಂಡ. "ರೇಣುಕಮ್ಮಾರ, ನೀವು ಕಾಂಟ್ಯಾಕ್ಟು. ಒಳಗ ನಡೀರಿ."

ದ್ಯಾಮಕ್ಕ ಸೊಂಟಕ್ಕೆ ಕೈಯಿಟ್ಟಳು. "ಆಕಿ ಕಾಂಟ್ಯಾಕ್ಟ್ ಅಂದ್ರ, ಆಕಿ ಉಡಿ ತುಂಬಿದವರು?"

"ಅವರೂ ಕಾಂಟ್ಯಾಕ್ಟೇ. ಅವರ ಮನಿಗೂ ತಗಡು."

"ಚೊಲೋ ಆತು. ಮೊದಲನೇ ಕೊಬ್ಬರಿ ಬಟ್ಟಲ ಹಾಕಿದ್ದು ನಿಮ್ಮವ್ವ. ತಗಡು ಅಲ್ಲಿಂದ ಸುರು ಮಾಡು."

ಹೆಂಗಸರ ನಡುವಿಂದ ಮರಿಸ್ವಾಮಿಯ ತಾಯಿ ಸುಂಕಲಮ್ಮ ಮುಂದೆ ಬಂದಳು. ಬೆರಳ ತುದಿಯಲ್ಲಿನ್ನೂ ಅರಿಷಿಣವಿತ್ತು. "ಹೊಡಿಯಪ್ಪ. ಹದಿನಾಲ್ಕು ದಿನ ನೀನೂ ಮನ್ಯಾಗ ಇದ್ದು ದನದ ಸಗಣಿ ಬಳಿ."

ಮರಿಸ್ವಾಮಿ ಅವ್ವನನ್ನು ನೋಡಿದ. ಜೀಪಿನಲ್ಲಿ ಉಳಿದಿದ್ದ ತಗಡು ನೋಡಿದ. ಆಮೇಲೆ ಬಹಳ ಮೃದುವಾಗಿ ಕೇಳಿದ: "ರೇಣುಕಮ್ಮಾರು ಈ ಮನ್ಯಾಗ ಇದ್ರಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ," ಎಂದಳು ದ್ಯಾಮಕ್ಕ. "ಹದಿನೈದು ದಿನದಿಂದ ಆಕಿ ನಮ್ಮನ್ಯಾಗ ಅದಾಳ. ಗಂಡನ ಮಾರಿ ಸೈತ ನೋಡಿಲ್ಲ."

"ನಾನೂ ಆಕೀನ ಅಲ್ಲೇ ನೋಡೀನಲ್ಲ," ಎಂದ ದೂರದಲ್ಲಿ ನಿಂತ ಹಾಲಸ್ವಾಮಿ. ಅವನ ಹೆಂಡತಿಯೂ ಆ ಹೆಂಗಸರ ಗುಂಪಿನಲ್ಲಿದ್ದಳು.

ಜಂಬುನಾಥಪ್ಪ ಕುರ್ಚಿಯ ಮೇಲೆ ತೂರಾಡಿದ. "ಏನು ಸುಳ್ಳು ಹೇಳ್ತೀರಲೇ. ಮಧ್ಯಾಹ್ನ ಇಲ್ಲೇ ಊಟಕ್ಕ ಇಟ್ಲು ನನಗ. ನಿನ್ನೆ ರೊಟ್ಟಿ ಬಡದ್ಲು."

"ಜ್ವರದಾಗ ಹಂಗ ಅನ್ನಿಸ್ತೈತಿ, ಜಂಬಣ್ಣ," ಎಂದ ಮರಿಸ್ವಾಮಿ ಕನಿಕರದಿಂದ.

ಜಂಬುನಾಥಪ್ಪ ಮಗಳಿಗೆ ಫೋನು ಹಚ್ಚಿದ. ಇಡೀ ಓಣಿಗೆ ಕೇಳುವಂತೆ ಸ್ಪೀಕರಿಟ್ಟ. "ನೋಡವ್ವ ಕಾವ್ಯ, ನನ್ನ ಇಲ್ಲಿ ತಗಡು ಬಡಿದು ಕೂಡಿಹಾಕ್ಯಾರ. ಟಿಕೀಟ್ ಮುಂದಕ್ಕ ಹಾಕಿಸು. ನಾನಿಲ್ಲದ ನಿಮ್ಮಮ್ಮ ಒಬ್ಬಾಕಿ ಬರಾಕ ಆಗಂಗಿಲ್ಲ."

"ಮುಂದಕ್ಕ ಸೀಟಿಲ್ಲಪ್ಪ." ಕಾವ್ಯ ಒಂದು ನೋವನ್ನು ನುಂಗಿ ಉಸಿರೆಳೆದುಕೊಂಡಂತೆ ಕೇಳಿತು. "ಅಮ್ಮ ಬಂದ್ರ ಸಾಕು. ನಿಜ ಹೇಳ್ಬೇಕಂದ್ರ, ನಿನಗ ಟಿಕೀಟ್ ಮಾಡ್ಸಿದ್ದು ನೀನು ಸಿಟ್ಟಾಗ್ತಿ ಅಂತ."

ಓಣಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಮಾಸ್ಕನ್ನು ಮೇಲಕ್ಕೆಳೆದುಕೊಂಡರು.

ಕಾರು ಬಂತು. ರೇಣುಕಮ್ಮ ತಗಡಿನ ಹತ್ತಿರ ಬಂದು ನಿಂತಳು. "ನನ್ನ ಪಾಸ್‌ಪೋರ್ಟ್, ವೀಸಾ, ರಿಪೋರ್ಟು. ಆಮ್ಯಾಲ ಸೂಟ್‌ಕೇಸ್."

ಜಂಬುನಾಥಪ್ಪ ಒಂದೊಂದಾಗಿ ದಾಟಿಸಿದ. ಸೂಟ್‌ಕೇಸಿಗೆ ಹಗ್ಗ ಕಟ್ಟಿ ತೂಬಿನ ಬಾಗಿಲಿನಂತೆ ಮೇಲೆತ್ತಿ ಆಚೆ ಇಳಿಸಿದ. "ಏರ್‌ಪೋರ್ಟಿನಾಗ ಮೊದಲು ಎಲ್ಲಿ ಹೋಗ್ತಿ, ಹೇಳು ನೋಡೂಣು."

"ಬಾಯಿ ಐತಿ, ಕೇಳ್ತೀನಿ." ಆಕೆ ಸೂಟ್‌ಕೇಸಿನ ಹಗ್ಗ ಬಿಚ್ಚಿದಳು. "ರೊಟ್ಟಿ ಚಟ್ನಿ ಎಲ್ಲಾ ಸೂಟ್‌ಕೇಸಿನಾಗ ಹೊಂಟಾವ. ಹಾಲಸ್ವಾಮಿ ಬಿಟ್ಟ ಅಕ್ಕಿ ಒಳಗ ಐತಿ, ಬೇಯಿಸ್ಕೋರಿ. ಉಪ್ಪು ಒಲಿ ಬಲಕ್ಕ, ಕೆಂಪು ಮುಚ್ಚಳದ ಡಬ್ಬ್ಯಾಗ. ಮತ್ತ ಕೆಮ್ಮಬ್ಯಾಡ್ರಿ."

ತುಂಬಿದ ಉಡಿ ಚೆಲ್ಲದಂತೆ ಸೆರಗು ಬಿಗಿದುಕೊಂಡು ರೇಣುಕಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಗಂಡ ಜೊತೆಗಿದ್ದರೆ ಆಕೆಗೆ ಎಂದೂ ಸಿಗದ ಸೀಟು ಅದು. ಕಾರು ತಿರುಗಿ ಕಾಣದಾಯಿತು.

ಜನ ಚದುರಿದರು. ತಗಡನ್ನು ಯಾರೋ ಬೆರಳಿಂದ ಟಕ್ ಟಕ್ ಬಡಿದರು. ಗುಡಿಸಲಿನ ಪಾಲಪ್ಪ.

"ಅಣ್ಣಾರ."

"ಬಾರಪ್ಪ ಪಾಲಪ್ಪ." ಕೇಳುವವನೊಬ್ಬ ಬಂದನಲ್ಲ ಎಂದು ಜಂಬುನಾಥಪ್ಪ ಮತ್ತೆ ಕುರ್ಚಿ ಹತ್ತಿದ.

"ಮಸ್ತ್ ತಗಡು ಹೊಡದಾರ್ರಿ. ಹದಿನಾಲ್ಕು ದಿನ ಆದಮ್ಯಾಲ ನನಗ ಕೊಡ್ತಾರೇನು, ಕೇಳಿ ಇಡ್ರಿ. ಮಳಿ ಬರಾಕ್ಹತ್ತೈತಿ."

ಜಂಬುನಾಥಪ್ಪ ಕುರ್ಚಿ ಇಳಿದು ಒಳಗೆ ಹೋದ. ಕೆಂಪು ಮುಚ್ಚಳದ ಡಬ್ಬಿ ಸಿಕ್ಕಿತು. ಅನ್ನವೂ ಹೇಗೋ ಬೆಂದಿತು. ಬರೀ ಅನ್ನ ಗಂಟಲಿಗಿಳಿಯದೆ ಒಗ್ಗರಣೆ ಹಾಕೋಣವೆಂದು ಎಣ್ಣೆ ಕಾಯಿಸಿ, ಎಷ್ಟೆಂದು ತಿಳಿಯದೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದ. ಹೊಗೆ ಎದ್ದು ಮೂಗು, ಕಣ್ಣು, ಗಂಟಲು ಮೂರನ್ನೂ ಒಟ್ಟಿಗೇ ಹಿಡಿಯಿತು. ಜಂಬುನಾಥಪ್ಪ ಗೋಡೆ ಹಿಡಿದು, ಕರುಳು ಕಿತ್ತು ಬರುವಂತೆ, ಆ ದಿನದ ಮೊದಲ ನಿಜವಾದ ಕೆಮ್ಮು ಕೆಮ್ಮಿದ. ನಿಲ್ಲಲಿಲ್ಲ. ಕೆಮ್ಮುತ್ತಲೇ ಇದ್ದ.

ತಗಡಿನಾಚೆ ಹಾಲಸ್ವಾಮಿಯ ದನಿ ಕೇಳಿತು:

"ಮರಿಸ್ವಾಮಿ, ಜೀಪ್ ತಿರುಗಿಸು. ಇನ್ನೊಂದು ಸಾಲು ತಗಡು ಬೇಕಾಕೈತಿ."